ಪ್ಲೈವುಡ್ಡಿನಲ್ಲಿ ರೇಡಿಯಲ್ ಎಂಜಿನ್: ಶಾಸ್ತ್ರೋತ್ಸವಕ್ಕೆ ತಿರುಗುವ ಮಾದರಿ ಮಾಡುವ ಕ್ರಮ

ಕೇರಳದ ಶಾಲೆಗಳ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವದ ವರ್ಕಿಂಗ್ ಮಾಡೆಲಿಗೆ ವಿಮಾನ ಎಂದ ಕೂಡಲೇ ಥರ್ಮಾಕೋಲಿನ ರೆಕ್ಕೆ, ಮೂತಿಗೊಂದು ಸಣ್ಣ ಮೋಟಾರು, ಅದಕ್ಕೆ ಫ್ಯಾನು. ತೀರ್ಪುಗಾರರು ‘ಇದು ಯಾಕೆ ತಿರುಗುತ್ತದೆ’ ಎಂದು ಕೇಳಿದರೆ ‘ಬ್ಯಾಟರಿಯಿಂದ’ ಎಂಬಲ್ಲಿಗೆ ಮಾತು ಮುಗಿಯಿತು. ಅದರ ಬದಲು ರೆಕ್ಕೆಯನ್ನೇ ಬಿಟ್ಟು, ಹಳೆಯ ವಿಮಾನಗಳ ಮೂತಿಯಲ್ಲಿ ನಕ್ಷತ್ರದ ಹಾಗೆ ಕಾಣುತ್ತಿದ್ದ ರೇಡಿಯಲ್ ಎಂಜಿನ್ನಿನ ಒಳಗನ್ನು ಮಾಡಿ ತೋರಿಸಿ. ಮಂಜೇಶ್ವರ, ಕುಂಬಳೆ ಕಡೆಯ ಯಾವುದೇ ಹೈಸ್ಕೂಲಿನ ನಾಲ್ಕು ಮಕ್ಕಳು ಒಬ್ಬ ಆಚಾರಿಯ ಸಹಾಯದಿಂದ ಮೂರ್ನಾಲ್ಕು ಶನಿವಾರಗಳಲ್ಲಿ ಮುಗಿಸಬಹುದಾದ ಕೆಲಸ ಇದು.

ಯಾವ ಎಂಜಿನ್ ಎಂಬುದನ್ನು ಮೊದಲು ನಿಶ್ಚಯ ಮಾಡಿಕೊಳ್ಳಬೇಕು. ಕಥೆ ಹೇಳಲಿಕ್ಕೆ ಅತ್ಯುತ್ತಮವಾದದ್ದು ಅಮೆರಿಕದ ರೈಟ್ ಕಂಪೆನಿಯ ವರ್ಲ್‌ವಿಂಡ್ ಜೆ-5. ಗಾಳಿಯಿಂದಲೇ ತಂಪಾಗುವ ಒಂಬತ್ತು ಸಿಲಿಂಡರ್, ಒಟ್ಟು 12.9 ಲೀಟರ್, ಸುಮಾರು 220 ಅಶ್ವಶಕ್ತಿ. 1927ರ ಮೇ 20ರಂದು ಅಮೆರಿಕದ ಪೈಲಟ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಹೊರಟು 33 ಗಂಟೆ 30 ನಿಮಿಷ ಒಬ್ಬನೇ ಹಾರಿ ಮರುದಿನ ಪ್ಯಾರಿಸಿನಲ್ಲಿ ಇಳಿದದ್ದು ಈ ಎಂಜಿನ್ನಿನ ಮೇಲೆ. ಆದರೆ ಮಾದರಿಗೆ ಒಂಬತ್ತು ಸಿಲಿಂಡರ್ ಬೇಡ. ಪಿಸ್ಟನ್‌ಗಳ ರಾಡುಗಳೆಲ್ಲ ಬಂದು ಸೇರುವ ನಡುವಿನ ಬಿಲ್ಲೆಯ ಮೇಲೆ ಒಂಬತ್ತು ತೂತಿಗೆ ಜಾಗ ಹಂಚಿದರೆ ಒಂದರಿಂದ ಇನ್ನೊಂದಕ್ಕೆ 19 ಮಿ.ಮೀ. ಮಾತ್ರ ಸಿಗುತ್ತದೆ, 16 ಮಿ.ಮೀ. ಅಗಲದ ರಾಡುಗಳ ನಡುವೆ ಮೂರೇ ಮಿ.ಮೀ. ಎಡೆ ಉಳಿಯುತ್ತದೆ. ಐದು ಮಾಡಿದರೆ 33 ಮಿ.ಮೀ. ಸಿಗುತ್ತದೆ, ತತ್ತ್ವ ಒಂದೇ. ಚೀಟಿಯಲ್ಲಿ ‘ಇದು ಜೆ-5ರ ಅಳತೆಯ ಪ್ರತಿಯಲ್ಲ, ಅದು ನಡೆಯುವ ರೀತಿಯನ್ನು ತೋರಿಸುವ ಐದು ಸಿಲಿಂಡರಿನ ಮಾದರಿ’ ಎಂದು ಸ್ಪಷ್ಟವಾಗಿ ಬರೆಯಿರಿ.

ಬೇಕಾಗುವ ಸಾಮಾನು

12 ಮಿ.ಮೀ. ಪ್ಲೈವುಡ್ 50 × 100 ಸೆಂ.ಮೀ. ಇದರಲ್ಲಿ ಅರ್ಧ ಹಿನ್ನೆಲೆಯ ಹಲಗೆಗೆ. ಉಳಿದ ಅರ್ಧದಿಂದ ಪಿಸ್ಟನ್, ಸಿಲಿಂಡರಿನ ಗೋಡೆ, ಪಿಸ್ಟನ್‌ಗಳ ಓಡಾಟವನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕಿನ ಬಿಲ್ಲೆ ಎಲ್ಲ ಬರುತ್ತದೆ. ರಾಡುಗಳಿಗೆ 6 ಮಿ.ಮೀ. ಪ್ಲೈವುಡ್ 30 × 30 ಸೆಂ.ಮೀ., ಪಿಸ್ಟನ್ ಮೇಲೇಳದಂತೆ ತಡೆಯುವ ಪಟ್ಟಿಗಳಿಗೆ 3 ಮಿ.ಮೀ. ಪ್ಲೈವುಡ್ಡಿನ ಚೂರುಗಳು. ಅಗ್ಗದ ಪ್ಲೈವುಡ್ಡಿನ ಒಳಪದರಗಳ ನಡುವೆ ಟೊಳ್ಳು ಇರುತ್ತದೆ, ತೂತು ಕೊರೆದಲ್ಲಿ ಸಿಬಿರು ಏಳುತ್ತದೆ. ರಾಡಿಗಾದರೂ ಒಳ್ಳೆಯದನ್ನೇ ತನ್ನಿ.

ಬೇರಿಂಗ್ ಮೂರು: ಕ್ರ್ಯಾಂಕಿನ ಶಾಫ್ಟಿಗೆ 6000 ನಂಬರಿನವು ಎರಡು (ಒಳಗೆ 10, ಹೊರಗೆ 26 ಮಿ.ಮೀ.), ಕ್ರ್ಯಾಂಕ್ ಪಿನ್ನಿಗೆ 608 ನಂಬರಿನದು ಒಂದು (ಒಳಗೆ 8, ಹೊರಗೆ 22 ಮಿ.ಮೀ.). 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಬೋಲ್ಟ್ ಒಂದು, 8 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ್ದು ಒಂದು, 5 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ್ದು ಒಂಬತ್ತು. 5 ಮಿ.ಮೀ. ಬೋಲ್ಟಿಗೆ ತಲಾ ಎರಡು ನಟ್ ಮತ್ತು ಕೈತುಂಬ ವಾಶರ್. ಒಂದೇ ನಟ್ ಹಾಕಿದರೆ ಬಿಗಿ ಮಾಡಿದಾಗ ರಾಡ್ ತಿರುಗುವುದಿಲ್ಲ, ಸಡಿಲ ಬಿಟ್ಟರೆ ನಾಲ್ಕು ಸುತ್ತಿಗೆ ಬಿದ್ದುಹೋಗುತ್ತದೆ. ಎರಡು ನಟ್ಟನ್ನು ಒಂದರ ಮೇಲೊಂದು ಬಿಗಿದರೆ ಮಾತ್ರ ಸಡಿಲವನ್ನು ಸಡಿಲವಾಗಿಯೇ ಉಳಿಸಬಹುದು.

ಗೆರೆ ಹಾಕುವುದು

50 × 50 ಸೆಂ.ಮೀ. ಹಲಗೆಯ ನಡುವಿನ ಬಿಂದುವಿನಿಂದ 200 ಮಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ 72 ಡಿಗ್ರಿ ಗುರುತು ಹಾಕಬೇಡಿ. ಅಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಹಲಗೆಯ ಅಂಚಿನಲ್ಲಿ ಸುಮಾರು ಎರಡು ಮಿ.ಮೀ. ತಪ್ಪುತ್ತದೆ, ಐದು ಸಲ ತಪ್ಪಿದರೆ ಕೊನೆಯ ಸಿಲಿಂಡರ್ ಕೂರುವುದೇ ಇಲ್ಲ. ಒಂದು ರೀಪಿಗೆ 235 ಮಿ.ಮೀ. ಅಂತರದಲ್ಲಿ ಎರಡು ಆಣಿ ಹೊಡೆದು, ಅದರಿಂದ ವೃತ್ತದ ಮೇಲೆ ಸುತ್ತ ಐದು ಗುರುತು ಹಾಕಿ. ಐದನೆಯದು ಶುರುಮಾಡಿದ ಬಿಂದುವಿನ ಮೇಲೆಯೇ ಬಂದು ಬಿದ್ದರೆ ಸರಿ. ಮೇಲ್ಗಡೆಯದು 1ನೇ ಸಿಲಿಂಡರ್. ಪೈಲಟ್ ಕೂರುವ ಕಡೆಯಿಂದ, ಅಂದರೆ ಹಿಂದಿನಿಂದ ನೋಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಂಬರ್ ಕೊಡುವುದು ವಾಡಿಕೆ. ಹಾಗಾಗಿ ಎದುರಿನಿಂದ ನೋಡುವವರಿಗೆ ನಂಬರುಗಳು ಅಪ್ರದಕ್ಷಿಣವಾಗಿ ಹೋಗುತ್ತವೆ. ಇದನ್ನು ಈಗಲೇ ಬರೆದಿಟ್ಟುಕೊಳ್ಳಿ, ಲೈಟ್ ಜೋಡಿಸುವಾಗ ಬೇಕಾಗುತ್ತದೆ.

ಪ್ರತಿ ಗೆರೆಯ ಎರಡು ಬದಿಗೆ 25 ಮಿ.ಮೀ. ಬಿಟ್ಟು ಸಿಲಿಂಡರಿನ ಗೋಡೆಗಳು. ಗೋಡೆ 115 ಮಿ.ಮೀ. ಉದ್ದ, 20 ಮಿ.ಮೀ. ಅಗಲ, ಕೇಂದ್ರದಿಂದ 80 ಮಿ.ಮೀ. ದೂರದಲ್ಲಿ ಶುರುವಾಗಿ 195ರಲ್ಲಿ ಮುಗಿಯಬೇಕು. ಅದರ ತಲೆಗೆ 90 × 15 ಮಿ.ಮೀ. ತುಂಡು ಅಡ್ಡ ಇಟ್ಟರೆ ಸಿಲಿಂಡರ್ ಹೆಡ್. ಗೋಡೆಗಳನ್ನು ಅಂಟಿಸುವ ಮೊದಲು ಸ್ಕ್ರೂವಿನಲ್ಲಿ ಮಾತ್ರ ಕೂರಿಸಿ, ಪಿಸ್ಟನ್ ಓಡಿಸಿ ನೋಡಿ, ಆಮೇಲೆ ಅಂಟು ಹಾಕಿ.

ಪಿಸ್ಟನ್ 49 ಮಿ.ಮೀ. ಅಗಲ, 50 ಮಿ.ಮೀ. ಉದ್ದ. ಪಿನ್ನಿನ ತೂತು ಕೆಳ ಅಂಚಿನಿಂದ 20 ಮಿ.ಮೀ. ಮೇಲೆ. ಒಂದು ಮಿ.ಮೀ. ಸಡಿಲ ಜಾಸ್ತಿಯಾಯಿತಲ್ಲ ಎಂದು ಕಾಣಬಹುದು. ಆದರೆ ನಮ್ಮ ತುಲಾ ಮಾಸದ ಮಳೆಯಲ್ಲಿ ಪ್ಲೈವುಡ್ ಉಬ್ಬುತ್ತದೆ, ಮನೆಯಲ್ಲಿ ಚೆನ್ನಾಗಿ ಓಡಿದ ಪಿಸ್ಟನ್ ಮೇಳದ ದಿನ ಕಚ್ಚಿಕೊಳ್ಳುತ್ತದೆ. ಜಾರಲಿಕ್ಕೆ ತೆಂಗಿನೆಣ್ಣೆ ಹಚ್ಚುವುದು ಇನ್ನೂ ಕೆಟ್ಟದು: ಮರ ಎಣ್ಣೆ ಕುಡಿಯುತ್ತದೆ, ಧೂಳು ಸೇರಿ ಅಂಟಾಗುತ್ತದೆ. ನಯವಾದ ಸ್ಯಾಂಡ್ ಪೇಪರ್ ಉಜ್ಜಿ, ಮೇಣದಬತ್ತಿ ತಿಕ್ಕಿದರೆ ಸಾಕು.

ಮಾಸ್ಟರ್ ರಾಡ್: ಇಲ್ಲಿಯೇ ಹೆಚ್ಚಿನ ಮಾದರಿಗಳು ಕೆಡುವುದು

ಐದು ಪಿಸ್ಟನ್, ಒಂದೇ ಕ್ರ್ಯಾಂಕ್ ಪಿನ್. ಐದು ರಾಡನ್ನೂ ಒಂದು ಉರುಟು ಬಿಲ್ಲೆಗೆ ಬಿಜಾಗರಿಯ ಹಾಗೆ ಜೋಡಿಸಿಬಿಟ್ಟರೆ ಆಯಿತು ಎಂದು ಕಾಣುತ್ತದೆ. ಹಾಗೆ ಮಾಡಿದರೆ ಬಿಲ್ಲೆಗೆ ದಿಕ್ಕು ಹಿಡಿದುಕೊಡುವವರು ಯಾರೂ ಇರುವುದಿಲ್ಲ. ಅದು ಪಿನ್ನಿನ ಮೇಲೆ ತನ್ನಷ್ಟಕ್ಕೆ ತಿರುಗಿ, ರಾಡುಗಳೆಲ್ಲ ಓರೆಯಾಗಿ, ಅರ್ಧ ಸುತ್ತಿನಲ್ಲೇ ಜಾಮ್. ಅಸಲಿ ಎಂಜಿನ್ನಿನಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಮಾಸ್ಟರ್ ರಾಡ್. ಒಂದು ರಾಡ್ ಮತ್ತು ನಡುವಿನ ಬಿಲ್ಲೆ ಒಂದೇ ತುಂಡು. ಉಳಿದ ನಾಲ್ಕು ಮಾತ್ರ ಅದಕ್ಕೆ ಪಿನ್ನಿನಲ್ಲಿ ಸೇರಿದ ಲಿಂಕ್ ರಾಡುಗಳು. ಆ ಒಂದು ರಾಡ್ ತನ್ನ ಸಿಲಿಂಡರಿಗೆ ಸಿಕ್ಕಿಕೊಂಡಿರುವುದರಿಂದ ಬಿಲ್ಲೆ ಸ್ವಲ್ಪ ಆಚೀಚೆ ಓಲಾಡಬಹುದು, ತಿರುಗಲಾರದು.

ಆದ್ದರಿಂದ 6 ಮಿ.ಮೀ. ಪ್ಲೈವುಡ್ಡಿನಲ್ಲಿ 84 ಮಿ.ಮೀ. ವ್ಯಾಸದ ಬಿಲ್ಲೆಯನ್ನೂ ಅದರಿಂದ ಹೊರಟ 16 ಮಿ.ಮೀ. ಅಗಲದ ರಾಡನ್ನೂ ಸೇರಿಸಿಯೇ ಕತ್ತರಿಸಿ. ಮರದ ನಾರು ರಾಡಿನ ಉದ್ದಕ್ಕೆ ಬರಲಿ. ಬಿಲ್ಲೆಯ ನಡುವೆ 608 ಬೇರಿಂಗಿಗೆ 22 ಮಿ.ಮೀ. ತೂತು. ಅಲ್ಲಿಂದ ರಾಡಿನ ತುದಿಯ ತೂತಿಗೆ ಸರಿಯಾಗಿ 130 ಮಿ.ಮೀ. ಲಿಂಕ್ ರಾಡುಗಳ ನಾಲ್ಕು ತೂತು ಬಿಲ್ಲೆಯ ನಡುವಿನಿಂದ 28 ಮಿ.ಮೀ. ದೂರದಲ್ಲಿ, ಮಾಸ್ಟರ್ ರಾಡಿನ ಗೆರೆಯಿಂದ ಶುರುಮಾಡಿ ಒಂದರಿಂದೊಂದಕ್ಕೆ 32.9, ಅಂದರೆ ಪೆನ್ಸಿಲಿನ ಲೆಕ್ಕಕ್ಕೆ 33 ಮಿ.ಮೀ. ಲಿಂಕ್ ರಾಡಿನ ಎರಡು ತೂತುಗಳ ಅಂತರ 130ರಲ್ಲಿ 28 ಕಳೆದು 102 ಮಿ.ಮೀ. ನಾಲ್ಕನ್ನೂ ಒಟ್ಟಿಗೆ ಕ್ಲಾಂಪಿನಲ್ಲಿ ಹಿಡಿದು ಒಂದೇ ಸಲ ಕೊರೆಯಿರಿ. ಆಗ ತಪ್ಪಿದರೂ ನಾಲ್ಕೂ ಒಂದೇ ಹಾಗೆ ತಪ್ಪುತ್ತವೆ. ಹೆಡ್ಡಿನ ಕೆಳಗೆ 5 ಮಿ.ಮೀ. ಎಡೆ ಇರುವುದರಿಂದ ಒಂದೆರಡು ಮಿ.ಮೀ. ವ್ಯತ್ಯಾಸದಿಂದ ತೊಂದರೆಯಿಲ್ಲ.

ಕ್ರ್ಯಾಂಕಿಗೆ 12 ಮಿ.ಮೀ. ಪ್ಲೈವುಡ್ಡಿನ 90 ಮಿ.ಮೀ. ವ್ಯಾಸದ ಬಿಲ್ಲೆ. ನಡುವಿಗೆ ಶಾಫ್ಟ್ ಆಗುವ 10 ಮಿ.ಮೀ. ಬೋಲ್ಟ್, ಅದರಿಂದ 30 ಮಿ.ಮೀ. ದೂರಕ್ಕೆ ಕ್ರ್ಯಾಂಕ್ ಪಿನ್ ಆಗುವ 8 ಮಿ.ಮೀ. ಬೋಲ್ಟ್. ಪಿಸ್ಟನ್ ಓಡುವ ದೂರ ಈ 30ರ ಎರಡು ಪಾಲು, 60 ಮಿ.ಮೀ. ದೊಡ್ಡ ಬೋಲ್ಟಿನ ತಲೆ ಮುಂಬದಿಯಲ್ಲಿ, ಚಿಕ್ಕದರ ತಲೆ ಹಿಂಬದಿಯಲ್ಲಿ, ಎರಡೂ ಮರದೊಳಗೆ ಹುದುಗಿರಬೇಕು. ದೊಡ್ಡ ಬೋಲ್ಟ್ ಬಿಲ್ಲೆಯೊಳಗೆ ಜಾರಿದರೆ ಅದರ ಹಿಂದಿನ ತುದಿಗೆ ಹಾಕಿದ ಹಿಡಿ ಮಾತ್ರ ತಿರುಗುತ್ತದೆ. ಎರಡು ಕೊಳವೆಯ ಎಪಾಕ್ಸಿ ಅಂಟು ತುಂಬಿ, ತಲೆಯ ಚಪ್ಪಟೆ ಬದಿಗೆ ಒತ್ತಿ ಎರಡು ಸಣ್ಣ ಸ್ಕ್ರೂ ಹಾಕಿ ಒಂದು ದಿನ ಒಣಗಲು ಬಿಡಿ. ಶಾಫ್ಟಿನ ಬೇರಿಂಗ್ ಒಂದು ಹಲಗೆಯಲ್ಲಿ, ಇನ್ನೊಂದು ಹಿಂದೆ ಸ್ಕ್ರೂ ಮಾಡಿದ ಮರದ ತುಂಡಿನಲ್ಲಿ. ಒಂದೇ ಬೇರಿಂಗ್ ಹಾಕಿದರೆ ಬಿಲ್ಲೆ ಓಲಾಡಿ ಹಲಗೆಗೆ ಉಜ್ಜುತ್ತದೆ.

ಜೋಡಿಸುವಾಗ ಎತ್ತರದ ಲೆಕ್ಕ ನೆನಪಿರಲಿ: ಪಿಸ್ಟನ್ ಮೇಲೆ 4 ಮಿ.ಮೀ. ಆಗುವಷ್ಟು ವಾಶರ್, ಅದರ ಮೇಲೆ ಮಾಸ್ಟರ್ ರಾಡ್. ಲಿಂಕ್ ರಾಡುಗಳು ಬಿಲ್ಲೆಯ ಮೇಲೆ ಕೂರುವುದರಿಂದ ಆ ನಾಲ್ಕು ಪಿಸ್ಟನ್‌ಗಳಲ್ಲಿ ವಾಶರಿನ ಮೇಲೆ ಇನ್ನೊಂದು 6 ಮಿ.ಮೀ. ಪ್ಲೈವುಡ್ ಚೂರು. ಇದನ್ನು ಮರೆತರೆ ರಾಡ್ ಓರೆಯಾಗಿ ಪಿಸ್ಟನ್ನನ್ನು ಹಲಗೆಗೆ ಒತ್ತುತ್ತದೆ. ಕೊನೆಗೆ ಗೋಡೆಗಳ ಮೇಲೆ 3 ಮಿ.ಮೀ. ಪಟ್ಟಿ, ಒಳಗೆ 5 ಮಿ.ಮೀ. ಚಾಚಿ, ಪಿಸ್ಟನ್ ಏಳದ ಹಾಗೆ.

ತಿರುಗಿಸಿ ನೋಡಿ. ಎಲ್ಲಿಯಾದರೂ ಹಿಡಿದರೆ ಲಿಂಕ್ ರಾಡುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಹಗುರವಾಯಿತೋ ಆ ಸಿಲಿಂಡರಿನ ಗೋಡೆಗಳು ಸಮಾಂತರವಾಗಿಲ್ಲ. ನಾಲ್ಕನ್ನೂ ಬಿಚ್ಚಿದ ಮೇಲೂ ಸುತ್ತಿಗೊಮ್ಮೆ ಹಿಡಿಯುತ್ತಿದ್ದರೆ ಕ್ರ್ಯಾಂಕ್ ಪಿನ್ನಿನ ಬೋಲ್ಟ್ ತಲೆ ಹಲಗೆಗೆ ತಾಗುತ್ತಿದೆ. ಹಿಡಿ ಬಿಟ್ಟ ಕೂಡಲೇ ಪಿನ್ ಯಾವಾಗಲೂ ಕೆಳಗೆ ಬಂದು ನಿಲ್ಲುತ್ತದೆಯಾದರೆ ಅದು ತಪ್ಪಲ್ಲ, ತೂಕ. ಕ್ರ್ಯಾಂಕ್ ಬಿಲ್ಲೆಯಲ್ಲಿ ಪಿನ್ನಿನ ಎದುರು ಬದಿಗೆ ನಟ್ಟುಗಳನ್ನೋ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನೋ ಅಂಟಿಸುತ್ತಾ ಬನ್ನಿ. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಸಾಕು. ಅಸಲಿ ಎಂಜಿನ್ನಿನ ಕ್ರ್ಯಾಂಕಿಗೂ ಇದೇ ಕಾರಣಕ್ಕೆ ಎದುರುತೂಕ ಇರುತ್ತದೆ.

ಐದೇ ಯಾಕೆ, ಆರು ಯಾಕಲ್ಲ

ತೀರ್ಪುಗಾರರು ಖಂಡಿತ ಕೇಳುವ ಪ್ರಶ್ನೆ ಇದು. ನಾಲ್ಕು ಹೊಡೆತದ (ಒಳಗೆಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು) ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಒಮ್ಮೆ ಉರಿಯಲು ಕ್ರ್ಯಾಂಕ್ ಎರಡು ಸುತ್ತು, 720 ಡಿಗ್ರಿ ತಿರುಗಬೇಕು. ಐದು ಸಿಲಿಂಡರಿಗೆ ಹಂಚಿದರೆ 144 ಡಿಗ್ರಿಗೊಂದು ಉರಿ, ಅಂದರೆ ಒಂದನ್ನು ಬಿಟ್ಟು ಒಂದು: 1-3-5-2-4. ಎರಡು ಸುತ್ತಿನಲ್ಲಿ ಎಲ್ಲರ ಸರದಿಯೂ ಸಮನಾಗಿ ಬರುತ್ತದೆ. ಆರು ಇದ್ದಿದ್ದರೆ 1-3-5 ಆದ ಮೇಲೆ ಮತ್ತೆ 1ಕ್ಕೇ ಬಂದು ನಿಲ್ಲುತ್ತೇವೆ, ಆಗ ಅದು ಹೊಗೆ ಹೊರಹಾಕುವ ಹೊತ್ತು. 2ಕ್ಕೆ ಹಾರಬೇಕಾದರೆ ಅಂತರ ತಪ್ಪಿ ಎಂಜಿನ್ ಕುಂಟುತ್ತದೆ. ಅದಕ್ಕೇ ಒಂದು ಸಾಲಿನಲ್ಲಿ 3, 5, 7, 9 ಹೀಗೆ ಬೆಸ ಸಂಖ್ಯೆ. ಜೆ-5ರಲ್ಲಿ 1-3-5-7-9-2-4-6-8; ನಿಮಿಷಕ್ಕೆ 1800 ಸುತ್ತು ತಿರುಗಿದರೆ ಒಂಬತ್ತೂ ಸೇರಿ 8100 ಉರಿ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಲೈಟಿನಲ್ಲಿ ತೋರಿಸಬೇಕು. ಪ್ರತಿ ಹೆಡ್ಡಿನಲ್ಲಿ ಒಂದು ಕೆಂಪು ಎಲ್‌ಇಡಿ. ಹಿಂಬದಿಯಲ್ಲಿ ಶಾಫ್ಟಿಗೆ 20 ಹಲ್ಲಿನ ಗೇರ್, ಅದಕ್ಕೆ ಕಚ್ಚಿದ 40 ಹಲ್ಲಿನದು ಇನ್ನೊಂದು. ಹಳೆಯ ಪ್ರಿಂಟರ್ ಬಿಚ್ಚಿದರೆ ಇಂಥವು ಸಿಗುತ್ತವೆ; ಗಾತ್ರ ನೋಡಿ ಅಂದಾಜು ಮಾಡದೆ ಹಲ್ಲು ಎಣಿಸಿ. ಗೇರಿನ ಬದಲು ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ. ಅದು ಜಾರಿ ಹತ್ತು ಸುತ್ತಿಗೆ ಲೈಟ್ ಒಂದು ಕಡೆ, ಪಿಸ್ಟನ್ ಇನ್ನೊಂದು ಕಡೆ ಆಗುತ್ತದೆ. ದೊಡ್ಡ ಗೇರಿಗೆ ಟಾರ್ಚಿನೊಳಗಿನ ಹಿತ್ತಾಳೆ ಪಟ್ಟಿಯೊಂದನ್ನು ಸಿಕ್ಕಿಸಿ, ಅದು ಸವರಿಕೊಂಡು ಹೋಗುವ ದಾರಿಯಲ್ಲಿ 72 ಡಿಗ್ರಿಗೊಂದರಂತೆ ಐದು ಡ್ರಾಯಿಂಗ್ ಪಿನ್ ಚುಚ್ಚಿ. ಪಟ್ಟಿ ತಿರುಗುವ ದಿಕ್ಕಿನಲ್ಲೇ ಪಿನ್ನುಗಳಿಗೆ 1, 3, 5, 2, 4ರ ವಯರ್ ಕೊಡಿ. ಮೂರು ಪೆನ್ ಸೆಲ್, 220 ಓಮ್‌ನ ಒಂದೇ ರೆಸಿಸ್ಟರ್ ಸಾಕು. ಒಂದು ಹೊತ್ತಿಗೆ ಒಂದೇ ಎಲ್‌ಇಡಿ ಉರಿಯುವುದಲ್ಲವೇ. 1ನೇ ಪಿಸ್ಟನ್ ತುತ್ತತುದಿಗೆ ಬಂದಾಗ ಪಟ್ಟಿ 1ರ ಪಿನ್ನಿನ ಮೇಲಿರುವಂತೆ ಗೇರನ್ನು ಕಚ್ಚಿಸಿ. ‘ಈ ಸಲ ಪಿಸ್ಟನ್ ಮೇಲೆ ಬಂದರೂ ಲೈಟ್ ಉರಿಯಲಿಲ್ಲವಲ್ಲ’ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ, ಅವರು ಸರಿಯಾಗಿ ನೋಡಿದ್ದಾರೆ. ಅದು ಹೊಗೆ ಹೊರಹಾಕುವ ಸುತ್ತು.

ರೆಕ್ಕೆಪಟ್ಟಿ, ಅಂದರೆ ತಂಪಿನ ಕಥೆ

ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿನ ಸಿಲಿಂಡರ್ ನೋಡಿ: ಸುತ್ತ ತೆಳ್ಳಗಿನ ಪಟ್ಟಿಗಳು. ಗಾಳಿ ತಾಗುವ ಮೈ ಹೆಚ್ಚಿದಷ್ಟೂ ಬಿಸಿ ಬೇಗ ಇಳಿಯುತ್ತದೆ. ಮಾದರಿಗೆ ಇವನ್ನು ಮಾಡಲು ಒಣಗಿಸಿ ಒತ್ತಿಟ್ಟ ಅಡಿಕೆ ಹಾಳೆ ಚೆನ್ನಾಗಿ ಒಗ್ಗುತ್ತದೆ. ಗೋಡೆಯ ಹೊರಬದಿಗೆ ಹತ್ತು ಹತ್ತು ಪಟ್ಟಿ, ಕೆಳಗೆ 10 ಮಿ.ಮೀ., ಹೆಡ್ಡಿನ ಹತ್ತಿರ 20 ಮಿ.ಮೀ. ಚಾಚಿರಲಿ. ಹಸಿ ಹಾಳೆ ಬೇಡ, ಒಣಗುತ್ತಾ ಸುರುಟಿಕೊಳ್ಳುತ್ತದೆ. ಪಟ್ಟಿ ಮೇಲೆ ಉದ್ದವಾಗಿರುವುದು ಅಂದಕ್ಕಲ್ಲ. ಉರಿ ಹೊತ್ತುವುದೂ ಸುಡುವ ಹೊಗೆ ಹೊರಗೆ ಹೋಗುವುದೂ ಹೆಡ್ಡಿನಲ್ಲಿಯೇ.

ಈ ಎಂಜಿನ್ನಿನ ಚರಿತ್ರೆಯೆಲ್ಲ ಈ ಬಿಸಿಯನ್ನು ಕಳೆಯುವ ಕಥೆಯೇ. ಮೊದಲ ಹೆಸರಾಂತ ರೇಡಿಯಲ್ ಗಾಳಿಯಿಂದ ತಂಪಾಗುತ್ತಿರಲಿಲ್ಲ: ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿಯವರ ವಿಮಾನಕ್ಕೆ ಚಾರ್ಲ್ಸ್ ಮ್ಯಾನ್ಲಿ ಮಾಡಿಕೊಟ್ಟ ಐದು ಸಿಲಿಂಡರಿನ, 52 ಅಶ್ವಶಕ್ತಿಯ ಎಂಜಿನ್ನಿಗೆ ನೀರು ಬೇಕಿತ್ತು. 1903ರಲ್ಲಿ ವಿಮಾನ ಎರಡು ಸಲವೂ ನದಿಗೆ ಬಿತ್ತು. ಎಂಜಿನ್ನಿನ ತಪ್ಪಿರಲಿಲ್ಲ. 1909ರ ಜುಲೈ 25ರಂದು ಫ್ರಾನ್ಸಿನ ಬ್ಲೇರಿಯೋ ಇಂಗ್ಲಿಷ್ ಕಾಲುವೆ ದಾಟಿದ್ದು ಆನ್ಜಾನಿಯ ಮೂರು ಸಿಲಿಂಡರಿನ, 25 ಅಶ್ವಶಕ್ತಿಯ, ಗಾಳಿಗೇ ಬಿಟ್ಟ ಎಂಜಿನ್ನಿನಲ್ಲಿ. ಅದರ ಸಿಲಿಂಡರುಗಳು ಸುತ್ತಲೂ ಇರಲಿಲ್ಲ, ಬೀಸಣಿಗೆಯ ಹಾಗೆ ಮೇಲ್ಗಡೆ ಮಾತ್ರ. ತಲೆಕೆಳಗಾದ ಸಿಲಿಂಡರಿಗೆ ಎಣ್ಣೆ ಇಳಿದು ಪ್ಲಗ್ ಕೆಡುವ ಕಾಟ ಹಾಗೆ ತಪ್ಪುತ್ತಿತ್ತು. ಆದರೂ ಸುಮಾರು ಅರ್ಧ ಗಂಟೆಗಿಂತ ಹೆಚ್ಚು ಓಡಿದರೆ ಕಾದು ಸೋಲುವ ಎಂಜಿನ್ ಎಂದೇ ಅದಕ್ಕೆ ಹೆಸರು.

ಫ್ರಾನ್ಸಿನ ಸೆಗಾಂ ಸಹೋದರರ ನೋಮ್ ಇನ್ನೊಂದು ದಾರಿ ಹಿಡಿಯಿತು: ಕ್ರ್ಯಾಂಕನ್ನು ವಿಮಾನಕ್ಕೆ ಬಿಗಿದು ಎಂಜಿನ್ನಿನ ಮೈಯನ್ನೇ ಪ್ರೊಪೆಲ್ಲರ್ ಜೊತೆ ತಿರುಗಿಸುವುದು. ನಿಂತಲ್ಲೂ ಗಾಳಿ ಸಿಗುತ್ತದೆ. ಇದಕ್ಕೆ ರೋಟರಿ ಎನ್ನುತ್ತಾರೆ; ರೇಡಿಯಲ್ ಬೇರೆ, ರೋಟರಿ ಬೇರೆ, ಹೊರಗಿನಿಂದ ಎರಡೂ ಒಂದೇ ನಕ್ಷತ್ರ. ನಿಮ್ಮ ಮಾದರಿಯಲ್ಲಿಯೇ ಇದನ್ನು ತೋರಿಸಬಹುದು. ಹಲಗೆಯನ್ನು ಸ್ಟ್ಯಾಂಡಿನಿಂದ ತೆಗೆದು, ಹಿಂದಿನ ಹಿಡಿಯನ್ನು ಅಲುಗಾಡದಂತೆ ಒಬ್ಬರು ಹಿಡಿದು, ಇನ್ನೊಬ್ಬರು ಹಲಗೆಯನ್ನು ತಿರುಗಿಸಿದರೆ ರೇಡಿಯಲ್ ರೋಟರಿಯಾಯಿತು. ಅಷ್ಟು ತೂಕ ಗರಗರ ಸುತ್ತುವಾಗ ವಿಮಾನವನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದೂ ಕೈಗೇ ಗೊತ್ತಾಗುತ್ತದೆ. ಅವುಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ, ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂದು.

ಮೈ ತಿರುಗಿಸದೆ ತಂಪು ಮಾಡುವ ವಿದ್ಯೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಿಬ್ಸನ್ ಮತ್ತು ಸ್ಯಾಮ್ ಹೆರನ್ ಮಾಡಿದ ಪ್ರಯೋಗಗಳಿಂದ: ಉಕ್ಕಿನ ಸಿಲಿಂಡರಿಗೆ ಅಲ್ಯೂಮಿನಿಯಂ ಹೆಡ್, ಪಟ್ಟಿಗಳ ಸರಿಯಾದ ಅಂತರ. ಅತ್ತ ಅಮೆರಿಕದ ನೌಕಾಪಡೆಗೆ ಹಡಗಿನ ಮೇಲಿನ ವಿಮಾನಕ್ಕೆ ರೇಡಿಯೇಟರ್, ನೀರಿನ ಪೈಪಿನ ಉಪದ್ರವವೇ ಬೇಡವಾಗಿತ್ತು. ಚಾರ್ಲ್ಸ್ ಲಾರೆನ್ಸರ ಒಂಬತ್ತು ಸಿಲಿಂಡರಿನ 200 ಅಶ್ವಶಕ್ತಿಯ ಎಂಜಿನ್ ಹಿಡಿಸಿತು. ಅವರದ್ದು ಸಣ್ಣ ಕಂಪೆನಿ. ನೌಕಾಪಡೆ ಒತ್ತಾಯಿಸಿದ್ದರಿಂದ 1923ರಲ್ಲಿ ರೈಟ್ ಕಂಪೆನಿ ಅದನ್ನು ಕೊಂಡುಕೊಂಡಿತು. ಅದೇ ಎಂಜಿನ್ ತಿದ್ದಿಸಿಕೊಳ್ಳುತ್ತಾ ವರ್ಲ್‌ವಿಂಡ್ ಆಯಿತು. ಹೆರನ್‌ರ ಇನ್ನೊಂದು ಕಾಣಿಕೆ ಸೋಡಿಯಂ ತುಂಬಿದ ವಾಲ್ವು. ಹೊಗೆ ಹೊರಹೋಗುವ ವಾಲ್ವಿನ ದಂಡವನ್ನು ಟೊಳ್ಳು ಮಾಡಿ ಅರ್ಧ ಸೋಡಿಯಂ ಹಾಕಿದರೆ, 98 ಡಿಗ್ರಿಗೆ ಅದು ಕರಗಿ ಒಳಗೆ ಕುಲುಕಾಡುತ್ತಾ ತಲೆಯ ಬಿಸಿಯನ್ನು ದಂಡಕ್ಕೆ ಇಳಿಸುತ್ತದೆ. ಅಮೆರಿಕದ ವಿಮಾನ ರಂಗದ ಪ್ರಶಸ್ತಿಯಾದ ಕೊಲಿಯರ್ ಟ್ರೋಫಿ 1927ರಲ್ಲಿ ಲಾರೆನ್ಸರಿಗೆ ಬಂತು.

ಸಿಲಿಂಡರುಗಳು ಹೊರಗೆ ಚಾಚಿಕೊಂಡಿದ್ದರೆ ಗಾಳಿಯ ತಡೆಯೂ ಜಾಸ್ತಿ. 1928ರಲ್ಲಿ ಅಮೆರಿಕದ ನಾಕಾ ಎಂಬ ವಿಮಾನ ಸಂಶೋಧನಾ ಸಂಸ್ಥೆಯ ಫ್ರೆಡ್ ವೀಕ್ ತಂಡ ಎಂಜಿನ್ನಿಗೊಂದು ತಗಡಿನ ಹೊದಿಕೆ ಮಾಡಿ ತೋರಿಸಿತು. ಅದೇ ಎಂಜಿನ್, ಅದೇ ವಿಮಾನ, ವೇಗ ಗಂಟೆಗೆ 190 ಕಿ.ಮೀ.ನಿಂದ 220ಕ್ಕೆ ಏರಿತು. ಮಾದರಿಯ ಸುತ್ತ ರಟ್ಟಿನ ಬಳೆಯೊಂದನ್ನು ಹಾಕಿ ತೆಗೆಯುವಂತೆ ಮಾಡಿಟ್ಟರೆ ಇದನ್ನೂ ಹೇಳಬಹುದು.

ಊರಿನ ಹತ್ತಿರದ ಉದಾಹರಣೆ ಬೇಕಿದ್ದರೆ ಗಡಿಯಾಚೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಇದೆ. 1951ರ ಡಿಸೆಂಬರ್ 25ರಂದು ಆ ನಿಲ್ದಾಣ ಉದ್ಘಾಟಿಸಲು ನೆಹರೂ ಬಂದಿಳಿದದ್ದು ಡಿಸಿ-3 ವಿಮಾನದಲ್ಲಿ. ಆ ಜಾತಿಯ ಹೆಚ್ಚಿನ ವಿಮಾನಗಳಿಗೆ ಇದ್ದದ್ದು ಏಳೇಳರ ಎರಡು ಸಾಲು, ಒಟ್ಟು 14 ಸಿಲಿಂಡರಿನ ರೇಡಿಯಲ್. ಒಂದು ಸಾಲಿಗೆ ಬೆಸವೇ ಎಂಬುದನ್ನು ಇಲ್ಲಿಯೂ ಗಮನಿಸಿ.

ಕೆಳಗಿನ ಎರಡು ಸಿಲಿಂಡರ್

3 ಮತ್ತು 4ನೆಯವು ತಲೆಕೆಳಗಾಗಿವೆ. ನಿಂತ ಎಂಜಿನ್ನಿನಲ್ಲಿ ಎಣ್ಣೆ ನಿಧಾನಕ್ಕೆ ಪಿಸ್ಟನ್ ದಾಟಿ ಇವುಗಳ ಹೆಡ್ಡಿನಲ್ಲಿ ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗುವುದಿಲ್ಲ. ಹಾಗೆಯೇ ಸ್ಟಾರ್ಟ್ ಮಾಡಿದರೆ ಲಿಂಕ್ ರಾಡ್ ಬಾಗುತ್ತದೆ. ಅದಕ್ಕೆ ಮೊದಲು ಇಗ್ನಿಷನ್ ಬಂದ್ ಇದೆಯೆಂದು ಖಾತ್ರಿ ಮಾಡಿ ಪ್ರೊಪೆಲ್ಲರನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸುವುದು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಹಿಂದಕ್ಕೂ ತಿರುಗಿಸಬಾರದು. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಒಳಗೆಳೆಯುವ ಪೈಪಿಗೆ ಹೋಗಿ, ಸ್ಟಾರ್ಟ್ ಆದ ಮೇಲೆ ವಾಪಸು ಬರುತ್ತದೆ. ಕೆಳಗಿನ ಸಿಲಿಂಡರಿನ ಪ್ಲಗ್ ಬಿಚ್ಚಿ ಎಣ್ಣೆ ಸುರಿಸಬೇಕು. ಮಾದರಿಯಲ್ಲಿ ಇದನ್ನು ತೋರಿಸಲು 3ರ ಹೆಡ್ಡಿನೊಳಗೆ 10 ಮಿ.ಮೀ. ದಪ್ಪದ ಮರದ ತುಂಡೊಂದನ್ನು ಇಡಿ. ಹಿಡಿ ತಿರುಗಿಸಿದರೆ ಪಿಸ್ಟನ್ ತುದಿಗೆ ಬರುವ ಮೊದಲೇ ಎಂಜಿನ್ ತಟ್ಟನೆ ನಿಲ್ಲುತ್ತದೆ. ಮೆಲ್ಲಗೆ ತಿರುಗಿಸಿ, ಇಲ್ಲದಿದ್ದರೆ ನಿಮ್ಮ ಲಿಂಕ್ ರಾಡೂ ಮುರಿದೀತು.

ಸಾಗಿಸುವಾಗ ಹಿಡಿ ಕಳಚಿ, 1ನೇ ಪಿಸ್ಟನ್ ಮೇಲಿರುವಂತೆ ಇಟ್ಟು ಕ್ರ್ಯಾಂಕ್ ಬಿಲ್ಲೆಗೆ ಟೇಪ್ ಅಂಟಿಸಿ; ಬಸ್ಸಿನ ಕುಲುಕಾಟಕ್ಕೆ ಮೊದಲು ತಪ್ಪುವುದು ಹಿತ್ತಾಳೆ ಪಟ್ಟಿ. ಚೀಲದಲ್ಲಿ 8 ನಂಬರಿನ ಸ್ಪ್ಯಾನರ್ ಎರಡು, ಹೆಚ್ಚುವರಿ ಲಿಂಕ್ ರಾಡ್ ಒಂದು, ನಾಲ್ಕಾರು ನಟ್ಟು, ಪೆನ್ ಸೆಲ್, ಸ್ಯಾಂಡ್ ಪೇಪರ್ ಮತ್ತು ಒಂದು ತುಂಡು ಮೇಣದಬತ್ತಿ ಇರಲಿ.